ಪೆಟ್ಟಿಗೆಗೆ ಬಿದ್ದ ಹದಿನೈದು ಏಟು

...ಹದಿನಾಲ್ಕಲ್ಲ ಕಣೋ ಅಳಿಯಾ, ಹದಿನೈದು. ಎಣಿಸೋದಾದ್ರೆ ಸರಿಯಾಗಿ ಎಣಿಸು. ಆ ಮೂಲೇಲಿ ಒಂದೇ ಜಾಗಕ್ಕೆ ಎರಡು ಏಟು ಬಿದ್ದಿದೆ, ಬೆರಳಿಟ್ಟು ನೋಡು, ಗುಳಿ ಆಳವಾಗಿದೆ. ಹೇಗೆ ಗೊತ್ತು ಅಂದ್ರೆ? ಎದುರಿಗೇ ಇದ್ದೆನಲ್ಲ! ಆ ಕಳ್ಳ ನನ್ನ ಕಣ್ಣೆದುರೇ ಸುತ್ತಿಗೆ ಎತ್ತಿ ಎತ್ತಿ ಬಡಿದ. ಒಂದೊಂದು ಏಟಿಗೂ ಈ ಎದೆ ಢವ್ ಢವ್ ಅಂತಿತ್ತು. ಎಣಿಸದೆ ಇರ್ತೀನಾ?

ಕೂತ್ಕೋ, ಕೂತ್ಕೋ. ಅಂಗಡಿ ಬಾಗಿಲು ಹಾಕಿ ಓಡಿ ಬಂದಿದೀಯ, ಮುಖ ಬೆವರಿದೆ. ದಿನವಿಡೀ ಕಂಡವರ ಕಂಪ್ಯೂಟರ್ ರಿಪೇರಿ ಮಾಡಿ ಮಾಡಿ ಬೆನ್ನು ಬಾಗಿಸ್ಕೊಂಡಿದೀಯ, ಮನೆಗೆ ಬಂದ್ರೆ ಇಲ್ಲೂ ಅದೇ. ನೀರು ಕುಡಿ. ಬೇಡ್ವಾ? ಸರಿ. ಆ ಸ್ಕ್ರೂ ಡ್ರೈವರ್ ಪಕ್ಕಕ್ಕಿಡು, ಮೊದಲು ನಡೆದದ್ದು ಕೇಳು.

ಮಧ್ಯಾಹ್ನ ಹನ್ನೆರಡೂವರೆ. ನಿನ್ನ ಹೆಂಡತಿ, ನಮ್ಮ ಟೀಚರಮ್ಮ, ಸ್ಕೂಲಿಗೆ ಹೋಗಿದ್ಲು. ಮನೇಲಿ ನಾನೊಬ್ಬನೇ. ಇದೇ ಕುರ್ಚಿ. ಹೀಗೇ ಕಾಲು ಚಾಚಿ ಒಂದು ಕಣ್ಣು ಮುಚ್ಚಿದ್ದೆ. ನಾನು ಎರಡೂ ಕಣ್ಣು ಮುಚ್ಚಿ ಮಲಗೋ ಗಂಡಸಲ್ಲ, ನಿನಗೇ ಗೊತ್ತು. ಅಡಿಗೆಮನೆ ಬಾಲ್ಕನಿ ಕಡೆಯಿಂದ ಕರ್ರ್ ಅಂತ ಸದ್ದು. ನೋಡ್ತೀನಿ, ಬಾಗಿಲು ತುಂಬ ಒಬ್ಬ ಆಳು! ಆರೂವರೆ ಅಡಿ. ಇಲ್ಲ, ಏಳು. ಬಾಗಿಲ ಚೌಕಟ್ಟಿಗೆ ತಲೆ ತಾಗಬಾರದು ಅಂತ ಬಗ್ಗಿ ಒಳಗೆ ಬಂದ. ಕುತ್ತಿಗೆ ಅನ್ನೋದೇ ಇಲ್ಲ, ಭುಜದ ಮೇಲೆ ನೇರ ತಲೆ. ಕೈಯಲ್ಲಿ ನಮ್ಮದೇ ಸುತ್ತಿಗೆ!

ಎದ್ದೆ. ‘ಯಾರೋ ನೀನು’ ಅಂದೆ. ಅವನು ಮಾತಾಡ್ಲಿಲ್ಲ, ಬೀಸಿದ. ನಾನು ತಲೆ ತಗ್ಗಿಸಿದೆ, ಗಾಳಿ ಸುಯ್ಯ್ ಅಂತ ನೆತ್ತಿ ಸವರ್ಕೊಂಡು ಹೋಯ್ತು. ಆಮೇಲೆ ನನ್ನ ಸರದಿ. ಕುಕ್ಕರ್ ಎತ್ತಿದೆ ಕಣೋ, ಐದು ಲೀಟರಿನದು, ಒಳಗೆ ಬೇಳೆ ಇತ್ತು. ತಿರುಗಿಸಿ ದವಡೆಗೆ ಒಂದು ಕೊಟ್ಟೆ ನೋಡು, ಮೂರು ಹಲ್ಲು ಹಾರಿ ಹೋಗಿ ಕಿಟಕಿ ಗಾಜಿಗೆ ಟಣ್ ಟಣ್ ಟಣ್ ಅಂತ ಬಡಿದ್ವು. ಬಾಯಿಂದ ರಕ್ತ ನಲ್ಲಿ ಬಿಟ್ಟ ಹಾಗೆ. ಕೂದಲು ಹಿಡಿದು ಗೋಡೆಗೆ ಗುದ್ದಿದೆ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಗೋಡೇನೇ ‘ಸಾಕಪ್ಪಾ’ ಅಂತು.

ಯಾಕೆ ನಗ್ತೀಯ?

ಇಲ್ಲ ಅನ್ಬೇಡ, ನೀನು ನಕ್ಕೆ. ಮೀಸೆ ಅಡೀಲಿ ನಕ್ಕೆ. ಹಲ್ಲು ಎಲ್ಲಿವೆ ಅಂತ ತಾನೇ ನೆಲ ನೋಡ್ತಿರೋದು? ಗುಡಿಸಿ ಹೊರಗೆ ಹಾಕಿದೆ. ಬೇಳೆ? ಅದನ್ನೂ ಒರೆಸಿದೆ. ಎಪ್ಪತ್ತಾರು ವರ್ಷದವನು ಕಳ್ಳನನ್ನೂ ಹೊಡೆದು ನೆಲಾನೂ ಒರೆಸಿದೀನಿ, ಒಂದು ಶಭಾಷ್ ಇಲ್ಲ! ಅಂಗೈ ನೋಡು, ಈ ರಕ್ತ ಸುಮ್ಮನೆ ಬಂತಾ? ಇದು ನನ್ನದಲ್ಲ, ಅವನದು. ಎಲ್ಲಿ... ಹಿಡಿಬೇಡ ಕೈನ, ಉರಿಯುತ್ತೆ. ಸರಿ, ಸ್ವಲ್ಪ ನನ್ನದೂ ಇದೆ. ತಗಡಿನ ಚೂರು ಹಾರಿ ಬಂತು.

ಏನು? ಕಳ್ಳ ಅಂದ್ರೆ ಏನಾದ್ರೂ ಕದೀಬೇಕಲ್ವಾ, ಅದೇ ತಾನೇ ನಿನ್ನ ಪ್ರಶ್ನೆ? ಟೀವಿ ಅಲ್ಲೇ ಇದೆ, ನಿನ್ನ ವಾಚು ಮೇಜಿನ ಮೇಲೇ ಇದೆ, ಹೋಗಿ ಹೋಗಿ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೇನ ಕೂತು ಹದಿನೈದು ಏಟು ಹೊಡೆದ್ನಾ ಅಂತ? ನನ್ನ ಮೇಲಿನ ಸಿಟ್ಟಿಗೆ ಕಣೋ! ನನ್ನನ್ನ ಬಡಿಯೋಕಾಗ್ಲಿಲ್ಲ, ಕೈಗೆ ಸಿಕ್ಕಿದ್ದನ್ನ ಬಡಿದ. ಗಂಡಸಿಗೆ ಅವಮಾನ ಆದ್ರೆ ಎದುರಿಗೆ ಏನಿದೆ, ಯಾರಿದಾರೆ ಅಂತ ಕಾಣಲ್ಲ. ಕಣ್ಣಿಗೆ ಕೆಂಪು ಪರದೆ ಬಿದ್ದ ಹಾಗೆ. ಅದು... ಅದು ನನಗೆ ಗೊತ್ತು ಬಿಡು.

ಬಿಚ್ತಾ ಇದೀಯ ಮತ್ತೆ. ಯಾಕೋ ಆ ಪಾಡು? ಅದರ ಪ್ರಾಣ ಹೋಗಿದೆ. ಮೇಲಿನ ತಗಡು ಅಪ್ಪಚ್ಚಿಯಾಗಿದೆ, ಒಳಗಿನ ಹಸಿರು ಹಲಗೆ ನಾಲ್ಕು ಚೂರು, ಪಕ್ಕದಲ್ಲಿದ್ದ ಆ ಡಿಸ್ಕು... ಹೌದು ಅದೇ, ಅಲ್ಲಾಡಿಸಬೇಡ, ಗಿಲಿಗಿಲಿ ಅಂತ ಗಾಜಿನ ಚೂರಿನ ಸದ್ದು ಬರುತ್ತೆ. ಬಂತಾ? ಹೇಳಿದೆನಲ್ಲ. ಅದನ್ನ ಅವನು ನೆಲಕ್ಕೆ ಹಾಕಿ ಹಿಮ್ಮಡೀಲಿ ತುಳಿದ.

ಎರಡು ವರ್ಷ ಆಯ್ತಾ ನೀನು ಇದನ್ನ ತಂದು? ಯಾವುದೋ ಆಫೀಸಿನವರು ಎಸೆದದ್ದು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ನಾನು ಕೇಳಿದೆ, ‘ಇದೇನೋ, ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಕೈಕಾಲು ಮುರಿದು ರುಂಡ ಮಾತ್ರ ತಂದಿದೀಯಲ್ಲ.’ ನೀನು ನಕ್ಕೆ. ‘ರುಂಡಾನೇ ಸಾಕು ಮಾವ’ ಅಂದೆ. ‘ಇನ್ಮೇಲೆ ಇದೇ ಮನೆ ಪೆಟ್ಟಿಗೆ. ಎಲ್ಲರ ಫೋನಿನ ಫೋಟೋ, ಮನೆ ಕಾಗದ, ಹಾಡು, ಎಲ್ಲಾ ತಾನಾಗೇ ಇದರೊಳಗೆ ಬಂದು ಕೂರುತ್ತೆ. ಹೊರಗಿನವರ ಹಂಗಿಲ್ಲ. ನಾಳೆ ಫೋನ್ ಬಾವಿಗೆ ಬಿದ್ರೂ ಚಿಂತೆ ಇಲ್ಲ.’ ಶೂ ಸ್ಟ್ಯಾಂಡಿನ ಮೇಲಿನ ಹಲಗೇಲಿ ಕೂರಿಸಿದೆ. ಹಗಲೂ ರಾತ್ರಿ ಗುಂಯ್ ಅಂತ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ. ನಾನೇ ಅದರ ಧೂಳು ಒರೆಸ್ತಿದ್ದೆ. ಒರೆಸ್ತಿರ್ಲಿಲ್ವಾ? ಹೇಳು!

ಯಾಕೆ ಒರೆಸದೆ ಇರ್ಲಿ. ನನ್ನ ಕಥೆ ಅಷ್ಟೂ ಅದರೊಳಗಿತ್ತಲ್ಲ. ಟೀಚರಮ್ಮ ಫೋನಿನ ಕೆಂಪು ಚುಕ್ಕೆ ಒತ್ತೋಳು, ‘ಶುರು ಮಾಡಿ ಮಾವ’ ಅನ್ನೋಳು, ನಾನು ಶುರು. ಇನ್ನೂರ ಹದಿನಾಲ್ಕು ಕಥೆ! ಯಾವ ರಾಜನಿಗೂ ಅಷ್ಟಿಲ್ಲ. ಅವಳ ಕ್ಲಾಸಿನ ಮೂವತ್ತೆರಡು ಮಕ್ಕಳು ಕೇಳಿ ಅರ್ಧ ಚಡ್ಡಿ ಒದ್ದೆಯಾಗಿದೆ. ಆ ಪಿಳ್ಳೆಗಳು ಸಾಮಾನ್ಯವಲ್ಲ ಬಿಡು! ಒಂದಿನ ಚೀಟಿ ಬರೆದು ಕಳಿಸಿದ್ವು. ‘ಅಜ್ಜಾ, ಮೂವತ್ತನೇ ಕಥೇಲಿ ನಿಮ್ಮ ಬೆರಳು ಕರಡಿ ಕಚ್ಚಿತು. ತೊಂಬತ್ತನೇ ಕಥೇಲಿ ಪೈಲ್ವಾನ್ ಕಚ್ಚಿದ. ಯಾವುದು ನಿಜ?’ ನಾನು ಕೈ ಎತ್ತಿ ತೋರಿಸಿದೆ. ಹೋಗಿರೋದು ಎಷ್ಟು ಬೆರಳು? ಎರಡು. ಒಂದು ಕರಡಿಗೆ, ಒಂದು ಪೈಲ್ವಾನನಿಗೆ! ಸರಿಹೋಯ್ತಲ್ಲ?

ಹಾಂ, ಈಗ ನಗು. ಈ ನಗು ಪರವಾಗಿಲ್ಲ.

ಮೊದಲೆಲ್ಲ ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗ್ತಿತ್ತು. ಇವತ್ತಿನ ಕರಡಿ ನಾಳೆ ಹುಲಿಯಾದ್ರೂ ಕೇಳೋರಿಲ್ಲ. ಈ ಪೆಟ್ಟಿಗೆ ಬಂದ ಮೇಲೆ ಎಲ್ಲಾ ತಾರೀಕು ಹಾಕ್ಕೊಂಡು ಕೂತ್ಕೊಳ್ತು. ಮನುಷ್ಯ ಮರೆತರೂ ಅದು ಮರೆಯಲ್ಲ. ಅಂಥದ್ದನ್ನ ಮನೇಲಿ ಇಟ್ಕೋಬಾರದು ಅಳಿಯಾ. ಹೋದದ್ದು ಹೋಯ್ತು ಬಿಡು. ಕಥೆ ನನ್ನ ತಲೇಲಿದೆ, ಮತ್ತೆ ಹೇಳ್ತೀನಿ. ಬಿಚ್ಚೋದು ನಿಲ್ಲಿಸು ಅಂದೆ.

ಯಾಕೆ ಹಾಗೆ ನೋಡ್ತೀಯ? ‘ಮಾವ ತನ್ನ ಕಥೆ ಹೋಯ್ತು ಅಂದ್ರೆ ಎದೆ ಬಡ್ಕೊಂಡು ಅಳಬೇಕಿತ್ತಲ್ಲ, ಬೇಡ ಬೇಡ ಅಂತಾನಲ್ಲ’ ಅಂತಾನಾ? ಅಳ್ತೀನಿ. ಆಮೇಲೆ ಅಳ್ತೀನಿ. ಇಪ್ಪತ್ತು ದಿನದ ಹಿಂದೆ ನಿಮ್ಮಮ್ಮ ಹೋದ್ಲು, ನನ್ನ ಒಡಹುಟ್ಟಿದ ಅಕ್ಕ, ಆ ಕಣ್ಣೀರೇ ಇನ್ನೂ ಆರಿಲ್ಲ.

ಎಲ್ಲಿಗೆ ಎದ್ದೆ?

ಅಕ್ಕನ ರೂಮಿಗೆ ಯಾಕೆ ಹೋಗ್ತಿದೀಯ? ಅಲ್ಲೇನಿದೆ? ಏಯ್... ಬೀರು ಯಾಕೆ ತೆಗೀತೀಯ, ಅವಳ ಬಟ್ಟೆ ಮುಟ್ಟಬೇಡ! ಹಾಗೇ ಇರ್ಲಿ, ಅವಳ ವಾಸನೆ ಇದೆ ಅದ್ರಲ್ಲಿ...

ಏನದು?

ಕೈಯಲ್ಲಿ ಏನು ಅಂತ ಕೇಳಿದೆ. ಇನ್ನೊಂದು ಡಿಸ್ಕಾ? ಅಕ್ಕನ ಬೀರುವಿನೊಳಗೆ, ಬಟ್ಟೆ ಹಿಂದೆ? ಯಾವತ್ತಿಂದ? ಗೋಡೆ ತೂತು ಮಾಡಿ ತಂತಿ ಎಳೆದಿದ್ದೆಯಲ್ಲ, ಅದು ಅವಳ ರೂಮಿನ ಫ್ಯಾನಿಗೆ ಅಂದ್ಕೊಂಡಿದ್ದೆ ನಾನು! ಓಹೋ. ಅಲ್ಲಿ ಬರೆದದ್ದು ಇಲ್ಲೂ ಬರೀತಿತ್ತಾ. ಒಂದು ಸತ್ರೆ ಇನ್ನೊಂದು ಇರ್ಲಿ ಅಂತ. ಎರಡು ವರ್ಷ ಅಕ್ಕನ ಬಟ್ಟೆ ಸಂದೀಲಿ ಅಡಗಿ ಕೂತಿತ್ತಾ ಅದು... ಬುದ್ಧಿವಂತ. ನೀನು ಬಹಳ ಬುದ್ಧಿವಂತ. ಯಾರ ಮಗ.

ಲ್ಯಾಪ್‌ಟಾಪಿಗೆ ಯಾಕೆ ಸಿಕ್ಕಿಸ್ತಿದೀಯ? ನಾಳೆ ಮಾಡು. ಊಟ ಮಾಡು ಮೊದಲು. ಬೇಳೆ... ಬೇಳೆ ಇಲ್ಲ, ಬೇರೆ ಏನಾದ್ರೂ ಮಾಡ್ತೀನಿ. ಏಯ್, ದೀಪ ಮಿಣುಕ್ತಿದೆ. ಹಸಿರು ದೀಪ. ಬದುಕಿದೆಯಾ ಅದು?

ಕೊರಳಲ್ಲಿ ನೇತಾಡ್ತಿದ್ದ ಆ ಇಯರ್‌ಫೋನ್ ಕಿವಿಗೆ ಯಾಕೆ ಹಾಕ್ಕೊಂಡೆ? ಅಳಿಯಾ? ನಾನು ಮಾತಾಡ್ತಿದೀನಲ್ಲ. ಕೇಳಿಸ್ತಿದೆ ತಾನೇ? ತಲೆ ಆಡಿಸಿದೆ, ಸರಿ. ಒಂದು ಕಿವೀಲಿ ಅದು, ಇನ್ನೊಂದರಲ್ಲಿ ನಾನು. ಆಗ್ಲಿ.

ನೋಡು, ಅಷ್ಟರಲ್ಲಿ ಒಂದು ಮಾತು. ಆ ಕಳ್ಳ... ಏಳಡಿ ಇರ್ಲಿಲ್ಲ. ಬೆಳಕಿಗೆ ಬೆನ್ನು ಮಾಡಿ ನಿಂತಿದ್ನಲ್ಲ, ದೊಡ್ಡದಾಗಿ ಕಂಡ. ನಿನ್ನಷ್ಟೇ ಇದ್ದ. ಹಲ್ಲೂ ಮೂರಲ್ಲ, ಒಂದೇ. ಅದೂ ಉದುರಿತೋ, ಅಲ್ಲಾಡಿತೋ.

ಏನಾದ್ರೂ ಹೇಳೋ.

ಕುಕ್ಕರ್ ಎತ್ತಿದ್ದು ಸುಳ್ಳು. ಆಯ್ತಾ? ಗ್ಯಾಸ್ ಮೇಲೇ ಇದೆ ಅದು, ಮುಚ್ಚಳ ತೆಗೆದು ನೋಡು, ಬೇಳೆ ಹಾಗೇ ಇದೆ. ನಿನ್ನ ಕಣ್ಣು ಆ ಪರದೆ ಬಿಟ್ಟು ಈ ಕಡೆ ಬರ್ತಾನೇ ಇಲ್ಲವಲ್ಲ. ಏನು ಕೇಳಿಸ್ಕೊಳ್ತಿದೀಯ? ಯಾವ ಕಥೆ? ಕರಡೀದಾ? ಕರಡೀದು ಚೆನ್ನಾಗಿದೆ. ಮರದ ದಿಮ್ಮಿ ತುಂಬಿದ ಲಾರಿ, ದಿಮ್ಮಿಗಳ ಸಂದೀಲಿ ಕರಡಿ ಮಲಗಿ ಕಾಡಿಂದ, ಮರ ಕೊಯ್ಯೋ ನಮ್ಮ ಸಾಮಿಲ್‌ವರೆಗೂ ಬಂದುಬಿಟ್ಟಿತ್ತು. ನಾನು ಹಗ್ಗ ಬಿಚ್ಚೋಕೆ ಮೇಲೆ ಹತ್ತಿದೀನಿ, ಎದುರಿಗೆ ಎದ್ದು ನಿಂತಿತು! ಈ ಕೈಯಲ್ಲಿ ಅದರ ಗಂಟಲು ಹಿಡಿದೆ, ಉಗುರು ನನ್ನ ಬೆನ್ನು ಸೀಳ್ತಿದೆ, ಬಿಡ್ಲಿಲ್ಲ, ನಾಲಗೆ ಹೊರಗೆ ಬರೋವರೆಗೂ ಹಿಸುಕಿದೆ...

ಇದಕ್ಕೂ ನಗಲ್ವಾ? ಎಲ್ಲರೂ ನಗ್ತಾರೆ ಇಲ್ಲಿ.

ನೀನೂ ಅವಳ ಹಾಗೇ ಆದೆ. ನಿಮ್ಮಮ್ಮ ಹೀಗೇ. ಕೊನೇ ಒಂಬತ್ತು ದಿನ ನನ್ನ ಜೊತೆ ಒಂದು ಮಾತಿಲ್ಲ. ನಾನು ರೂಮಿಗೆ ಕಾಲಿಟ್ರೆ ಗೋಡೆ ಕಡೆ ತಿರುಗೋಳು. ನಿಮಗೆಲ್ಲ ‘ಕಾಯಿಲೆಗೆ ಮಾತು ನಿಂತಿದೆ’ ಅಂತ ನಾನೇ ಹೇಳಿದೆ. ಮಾತು ನಿಂತಿರ್ಲಿಲ್ಲ. ನಾನು ಹೊರಗೆ ಹೋದ್ರೆ ನೀರು ಕೇಳ್ತಿದ್ಲು. ನಿನ್ನ ಹೆಂಡತಿ ಕಿವೀಲಿ ಏನೋ ಪಿಸುಗುಡ್ತಿದ್ಲು. ನನಗೆ ಮಾತ್ರ ನಿಂತಿತ್ತು.

ಸರಿ ಕಣಯ್ಯಾ. ಕಳ್ಳ ಇಲ್ಲ. ಯಾರೂ ಬಂದಿಲ್ಲ. ನಾನೇ ಒಡೆದೆ.

ಹದಿನೈದೂ ನನ್ನವೇ. ಟೀಚರಮ್ಮ ಬೆಳಿಗ್ಗೆ ಚಪ್ಪಲಿ ಹಾಕ್ಕೊಳ್ತಾ ಅಂದ್ಲು, ‘ಮಾವ, ಅತ್ತೆಯ ಕೊನೇ ದಿನಗಳ ಧ್ವನಿ ಪೆಟ್ಟಿಗೇಲಿ ಸಿಕ್ತು. ನಲವತ್ತು ನಿಮಿಷ ಇದೆ. ನಾನಿನ್ನೂ ಕೇಳಿಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಕೂತು ಕೇಳೋಣ.’ ನಗ್ತಾ ಅಂದ್ಲು, ಪಾಪ. ಏನೋ ನಿಧಿ ಸಿಕ್ಕಿದ ಹಾಗೆ. ಅದನ್ನ ಅವತ್ತೇ ನಾನು ಅವಳ ಫೋನಲ್ಲಿ ಕಸದ ಬುಟ್ಟಿ ಚಿತ್ರ ಒತ್ತಿ ಅಳಿಸಿದ್ದೆ! ಅಳಿಸಿದೆ ಅಂದ್ರೆ ಅಳಿಸಿದ ಹಾಗೆ ಅಂದ್ಕೊಂಡಿದ್ದೆ. ಅಷ್ಟರೊಳಗೆ ಅದು ಈ ಪೆಟ್ಟಿಗೆಗೆ ಬಂದು ಕೂತಿತ್ತು. ಫೋನಲ್ಲಿ ಸತ್ರೂ ಇಲ್ಲಿ ಸಾಯಲ್ಲ ಅಂತ ನೀನೇ ತಾನೇ ಕಟ್ಟಿದ್ದು.

ಅವಳು ಬಾಗಿಲು ಹಾಕ್ಕೊಂಡು ಸ್ಕೂಲಿಗೆ ಹೋದ್ಲು. ಮೂರು ಗಂಟೆ ಹೊತ್ತು ಈ ಕುರ್ಚೀಲಿ ಕೂತಿದ್ದೆ, ಅದು ಗುಂಯ್ ಅಂತಿತ್ತು. ಸುತ್ತಿಗೆ ತಂದೆ. ಮೊದಲನೇ ಏಟಿಗೆ ತಗಡು ಬಗ್ಗಿತು, ಗುಂಯ್ ನಿಲ್ಲಲಿಲ್ಲ. ಎರಡು, ಮೂರು... ಆರನೇ ಏಟಿಗೆ ನಿಂತಿತು. ನಾನು ನಿಲ್ಲಲಿಲ್ಲ. ಕೈ ಕೇಳ್ಲಿಲ್ಲ ಕಣೋ. ಚೂರು ಮುಖಕ್ಕೆ ಹಾರ್ತಿದೆ, ಅಂಗೈ ಸೀಳಿದೆ, ಹಲ್ಲು ಕಚ್ಚಿ ಬಡೀತಾನೇ ಇದೀನಿ. ಇನ್ನೂರ ಹದಿನಾಲ್ಕು ಕಥೆ ನನ್ನ ಕೈಯಾರೆ ಸಾಯಿಸ್ತಿದೀನಿ ಅಂತ ಗೊತ್ತು. ಒಂದನ್ನ ಸಾಯಿಸೋಕೆ ಎಲ್ಲಾನೂ ಸಾಯಿಸಬೇಕಿತ್ತು.

ಆ ಒಂದನ್ನೇ ನೀನೀಗ ಕೇಳ್ತಿದೀಯ. ಅಲ್ವಾ?

ನಿನ್ನ ಕಣ್ಣಲ್ಲಿ ನೀರು ಬರ್ತಿದೆ. ಬಂತಾ ಆ ಜಾಗ? ಅಕ್ಕ ಕೇಳೋ ಜಾಗ? ಫೋನು ಅವಳ ದಿಂಬಿನ ಪಕ್ಕ ಇತ್ತು. ಅವಳಿಗೋಸ್ಕರ ಒಂದು ಕಥೆ ಹೇಳಿ ಅಂತ ನಿನ್ನ ಹೆಂಡತೀನೇ ಕೆಂಪು ಚುಕ್ಕೆ ಒತ್ತಿ, ಹಾಲು ತರೋಕೆ ಹೋಗಿದ್ಲು. ನಾನು ಕರಡಿ ಶುರು ಮಾಡಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದ್ಲು. ಮೂಳೆ ಕೈ, ಎಂಥ ಬಿಗಿ ಅಂತೀಯ! ‘ಕರಡಿ ಸಾಕು’ ಅಂದ್ಲು. ‘ನಾನು ಹೋಗೋಳು. ನಮ್ಮನೆಯವರು ಹೇಗೆ ಹೋದ್ರು ಹೇಳು. ನಲವತ್ತೆರಡು ವರ್ಷದಿಂದ ಹೇಳ್ತಿದೀಯಲ್ಲ, ಅದು ಬೇಡ. ನಡೆದದ್ದು ಹೇಳು.’

ನಾನು ಯಾವಾಗಲೂ ಹೇಳೋದು ನಿನಗೆ ಬಾಯಿಪಾಠ. ನಿನಗಾಗ ಮೂರು ವರ್ಷ. ದುಂಡು ಗರಗಸಕ್ಕೆ ನನ್ನ ತೋಳು ಸಿಕ್ಕಿತ್ತು, ನಿಮ್ಮಪ್ಪ, ನನ್ನ ಭಾವ, ಹಾರಿ ಬಂದು ನನ್ನನ್ನ ಆಚೆ ಎಳೆದು ಹಾಕಿ ತಾನು ಬಿದ್ದ. ನನ್ನ ಎರಡು ಬೆರಳು ಹೋಯ್ತು, ಅವನ ಪ್ರಾಣ ಹೋಯ್ತು. ನೀನು ಸ್ಕೂಲಲ್ಲಿ ಎಲ್ಲರಿಗೂ ಹೇಳ್ತಿದ್ದೆ, ‘ನಮ್ಮಪ್ಪ ಮಾವನ್ನ ಉಳಿಸಿ ಸತ್ರು’ ಅಂತ. ಎದೆ ಉಬ್ಬಿಸ್ಕೊಂಡು ಹೇಳ್ತಿದ್ದೆ. ನನ್ನ ಇನ್ನೂರ ಹದಿನಾಲ್ಕರಲ್ಲಿ ಯಾರೂ ನಗದೆ ಕೇಳಿದ್ದು ಅದೊಂದೇ.

ಸರಿ. ಅದರೊಳಗೆ ನನ್ನ ದನಿ ನಡುಗ್ತಿರ್ಬೇಕು, ಅರ್ಧ ಅರ್ಥ ಆಗಲ್ಲ. ನನ್ನ ಬಾಯಿಂದಲೇ ಕೇಳಿಬಿಡು. ಅದರಿಂದ ಕೇಳೋದಕ್ಕಿಂತ ನನ್ನಿಂದ ಕೇಳು!

ಭಾವ ಹೆಡ್ ಮೇಸ್ತ್ರಿ. ಟೀ ಹೊತ್ತು. ಹನ್ನೊಂದು ಜನ ಆಳು ಹಲಗೆಗಳ ಮೇಲೆ ಕೂತಿದ್ರು, ನಾನು ಕರಡಿ ಕಥೆ ಹೇಳ್ತಿದ್ದೆ. ಮೊದಲನೇ ಸಲ ಹೇಳ್ತಿದ್ದೆ, ಬಿಸಿಬಿಸಿ. ಎಲ್ಲರ ಬಾಯಿ ತೆರೆದೇ ಇದೆ. ಭಾವ ಎದ್ದು ನಿಂತ. ‘ಕರಡಿ ಅಲ್ಲ ಕಣ್ರೋ ಅದು’ ಅಂದ, ‘ಕರಿ ಕಂಬಳಿ ಹೊದ್ದು ಮಲಗಿದ್ದ ಲಾರಿ ಕ್ಲೀನರು! ಅವನು ಆಕಳಿಸಿ ಎದ್ದ, ಇವನು ದಿಮ್ಮಿ ಮೇಲಿಂದ ಹಾರಿದ, ಅಕ್ಕಾ ಅಂತ ಕಿರುಚ್ಕೊಂಡು ಓಡಿದ.’ ಹನ್ನೊಂದು ಜನ ನೆಲಕ್ಕೆ ಬಿದ್ದು ಹೊರಳಾಡಿ ನಕ್ರು. ಒಬ್ಬನಿಗೆ ಟೀ ಮೂಗಿಂದ ಬಂತು. ನಾನೂ ನಕ್ಕೆ. ಹೌದು, ನಕ್ಕೆ.

ಅವರೆಲ್ಲ ಅಂಗಳಕ್ಕೆ ಲಾರಿ ತುಂಬಿಸೋಕೆ ಹೋದ್ರು. ಗರಗಸದ ಹತ್ರ ನಾವಿಬ್ಬರೇ. ಮೋಟಾರು ಓಡ್ತಾನೇ ಇತ್ತು, ನಿಲ್ಲಿಸಿದ್ರೆ ಬೆಲ್ಟು ಜಾರ್ತಿತ್ತು ಅಂತ ಯಾರೂ ನಿಲ್ಲಿಸ್ತಿರ್ಲಿಲ್ಲ. ಅವನು ಗರಗಸಕ್ಕೆ ಬೆನ್ನು ಮಾಡಿ ನಿಂತು, ಮೈಮೇಲಿನ ಮರದ ಪುಡಿ ಕೊಡವಿಕೊಳ್ತಾ, ಮತ್ತೆ ಒಂದ್ಸಲ, ಹೆಣ್ಣು ದನೀಲಿ, ‘ಅಕ್ಕಾ...’ ಅಂದ. ಅಷ್ಟೇ. ಕೆಟ್ಟ ಮನಸ್ಸಿಲ್ಲ. ಭಾವ ಬಾಮೈದನ್ನ ಗೇಲಿ ಮಾಡೋದು ಇದ್ದದ್ದೇ.

ತಳ್ಳಿದೆ. ಎರಡೂ ಕೈಯಲ್ಲಿ ಎದೆಗೆ ತಳ್ಳಿದೆ.

ಕೊಲ್ಲೋಕಲ್ಲ! ನೆಲಕ್ಕೆ ಕೆಡವೋಕೆ! ಅವನು ಹಿಂದಕ್ಕೆ ವಾಲಿದ, ಕಾಲು ಹೊಟ್ಟಿನ ಗುಡ್ಡೇಲಿ ಜಾರ್ತು, ಕೈ ಚಾಚಿ ನನ್ನ ಕೈ ಹಿಡ್ಕೊಂಡ. ಈ ಕೈ. ಬಿಗಿಯಾಗಿ ಹಿಡ್ಕೊಂಡ. ಹಿಂದೆ ಗರಗಸ ಒಂದು ಗೇಣು. ಅಲ್ಲಿಗೆ ನಿಂತುಬಿಡ್ತಿತ್ತು ಅಳಿಯಾ. ನಾನು ಒಂದು ಜಗ್ಗು ಜಗ್ಗಿದ್ರೆ ಈ ಕಡೆ ಬಂದುಬಿಡ್ತಿದ್ದ. ಅವನೂ ಹಾಗೇ ಅಂದ್ಕೊಂಡ. ನಗ್ತಾನೇ ಇದ್ದ. ನಾನು ಎಳ್ಕೊಳ್ತೀನಿ ಅನ್ನೋ ಧೈರ್ಯದಲ್ಲಿ ನಗ್ತಾನೇ ಇದ್ದ. ಆ ನಗು ನೋಡಿ ನಾನು... ಕೈ ಕೊಡವಿದೆ. ಬಿಡಿಸ್ಕೊಳ್ಳೋಕೆ ಕೊಡವಿದೆ. ಅವನು ಬಿಡ್ಲಿಲ್ಲ. ನನ್ನ ಎರಡು ಬೆರಳು ಹಿಡ್ಕೊಂಡೇ ಹೋದ.

ಸದ್ದು ಬದಲಾಯ್ತು. ಮರ ಕೊಯ್ಯೋ ಸದ್ದು ಬೇರೆ... ಹಳದಿ ಹೊಟ್ಟು ಕೆಂಪಾಗಿ ಮುದ್ದೆ ಮುದ್ದೆಯಾಗಿ ಚಾವಣಿಗೆ ಹೊಡೀತು. ನನ್ನ ಬಾಯಿಗೂ ಬಂತು. ಆಳುಗಳು ಓಡಿ ಬಂದಾಗ ನಾನು ಈ ಮೊಂಡು ಕೈ ಎತ್ತಿ ಹಿಡಿದು ಕೂಗ್ತಿದ್ದೆ, ‘ಭಾವ ನನ್ನನ್ನ ಉಳಿಸಿದ! ಭಾವ ನನ್ನನ್ನ ಉಳಿಸಿದ!’ ಆ ಕಥೆ ಅಲ್ಲೇ ಹುಟ್ಟಿತು. ಒಂದು ಉಸಿರಲ್ಲಿ. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ಮೊದಲನೇ ಸಲ ಎಲ್ಲರೂ ನಂಬಿದ್ರು.

ಅಕ್ಕ ಎಲ್ಲಾ ಕೇಳಿದ್ಲು. ಒಂದೇ ಪ್ರಶ್ನೆ. ‘ಕೊನೇಲಿ ಅವರು ಏನಂದ್ರು?’ ನಾನಂದೆ, ‘ಏನೂ ಅನ್ಲಿಲ್ಲ ಅಕ್ಕಾ. ನಗ್ತಿದ್ದ.’ ಅವಳು ನನ್ನ ಮಣಿಕಟ್ಟು ಬಿಟ್ಲು. ಗೋಡೆ ಕಡೆ ತಿರುಗಿದ್ಲು.

ಆಯ್ತು. ಅಷ್ಟೇ ಇರೋದು ಅದ್ರಲ್ಲಿ. ಉಳಿದದ್ದು ಫ್ಯಾನಿನ ಸದ್ದು. ತೆಗಿ ಕಿವಿಯಿಂದ ಅದನ್ನ.

...ಆ ತಂತಿ.

ಅಳಿಯಾ, ಆ ಇಯರ್‌ಫೋನ್ ತಂತಿಯ ತುದಿ ನಿನ್ನ ಮಂಡಿ ಮೇಲೆ ಬಿದ್ದಿದೆಯಲ್ಲ. ಅದನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸೇ ಇಲ್ವಲ್ಲೋ ನೀನು!

ಏನು ಕೇಳ್ತಿದ್ದೆ ಹಾಗಾದ್ರೆ ಇಷ್ಟು ಹೊತ್ತು? ತಿರುಗಿಸು ಆ ಪರದೇನ. ತಿರುಗಿಸು ಅಂದೆ! ...ಫೋಟೋ. ಬರೀ ಫೋಟೋನಾ? ಧ್ವನಿ ಎಲ್ಲಿ? ನನ್ನ ಕಥೆಗಳು, ಅಕ್ಕನ ನಲವತ್ತು ನಿಮಿಷ? ತಲೆ ಆಡಿಸ್ತೀಯ. ಇಲ್ವಾ? ಇದಕ್ಕೆ ಫೋಟೋ ಮಾತ್ರ ಬರೀತಿತ್ತಾ? ಧ್ವನಿ ಎಲ್ಲಾ ಆ ಒಡೆದ ಡಿಸ್ಕಲ್ಲೇ ಇತ್ತಾ? ಅದನ್ನ ನಾನು... ಅಂದ್ರೆ ಅದು ಸತ್ತಿತ್ತು. ನಿಜವಾಗ್ಲೂ ಸತ್ತಿತ್ತು. ನಿನಗೆ ಏನೂ ಗೊತ್ತಿರ್ಲಿಲ್ಲ. ನನ್ನ ಹರಟೆ ತಡೆಯೋಕೆ ಅದನ್ನ ಕಿವಿಗೆ ತುರುಕಿ, ಸುಮ್ಮನೆ ಫೋಟೋ ನೋಡ್ತಾ ಕೂತಿದ್ದೆ.

ಇದು ಯಾವುದು? ಅಕ್ಕ. ಎಷ್ಟು ಚಿಕ್ಕವಳು. ಸೊಂಟದ ಮೇಲೆ ನೀನು. ಪಕ್ಕದಲ್ಲಿ ಭಾವ... ಹಲ್ಲು ಬಿಟ್ಟು ನಗ್ತಿದಾನೆ. ಇದಕ್ಕೇ ನಿನ್ನ ಕಣ್ಣಲ್ಲಿ ನೀರು ಬಂತಾ? ಅಪ್ಪನ ನಗು ನೋಡಿ?

ಅಲ್ಲ... ಕೇಳು. ಕೇಳು ಇಲ್ಲಿ. ಇಷ್ಟು ಹೊತ್ತು ಹೇಳಿದ್ನಲ್ಲ, ಅದು ಕಥೆ ಕಣೋ! ಇನ್ನೂರ ಹದಿನೈದನೇ ಕಥೆ! ಹೇಗಿತ್ತು? ಭಯ ಆಯ್ತಾ? ಚಾವಣಿಗೆ ರಕ್ತ ಹೊಡೆದದ್ದು ಚೆನ್ನಾಗಿ ಬಂತು, ಅಲ್ವಾ? ಮಾವ ಎಂಥ ಸುಳ್ಳ ಅಂತ ನಿನಗೆ ಗೊತ್ತಿಲ್ವಾ! ಏಳಡಿ ಕಳ್ಳ, ಮೂರು ಹಲ್ಲು! ನಗು. ನಿಮ್ಮಪ್ಪನ ಹಾಗೇ ನಗು, ನಾನು ಏನೂ ಅನ್ನಲ್ಲ, ಕೈ ಕಟ್ಟಿ ಕೂತಿರ್ತೀನಿ. ಒಂದೇ ಒಂದ್ಸಲ. ಅವನ ನಗು ನಿನ್ನ ಬಾಯಲ್ಲೇ ಇದೆ, ನಲವತ್ತೆರಡು ವರ್ಷ ಸಾಕಿದೀನಿ ಅದನ್ನ, ನಗೋ.

ಸುತ್ತಿಗೆ ಯಾಕೆ ಎತ್ಕೊಂಡೆ?

ಸರಿ. ಹೊಡಿ. ಇಲ್ಲಿ, ನೆತ್ತಿಗೆ. ಕೈ ಅಡ್ಡ ಇಡಲ್ಲ. ಎಣಿಸೋದೂ ಇಲ್ಲ ನಾನು.

...ಕೆಳಗಿಟ್ಟೆಯಾ.

ಯಾಕೆ ಇಟ್ಟೆ? ಅಳಿಯಾ? ಆ ಕಡೆ ಯಾಕೆ ತಿರುಗ್ತೀಯ, ಆ ಕಡೆ ಏನೂ ಇಲ್ಲ, ಗೋಡೆ ಇದೆ. ಸುತ್ತಿಗೆ ತಗೋ ಬೇಕಾದ್ರೆ. ಇಗೋ, ತಗೋ, ಹಿಡ್ಕೋ... ಗೋಡೆ ಕಡೆ ತಿರುಗಬೇಡ ಕಣೋ. ಗೋಡೆ ಕಡೆ ಬೇಡ.